ಬೀಳುವುದನ್ನೇ ಕಾಯುವವರು

ನಿನ್ನೆ ಆಫ್‌ರೋಡ್ ಟ್ರಯಥ್ಲಾನ್, ಎಂದರೆ ಕಾಡುಮೇಡಿನಲ್ಲಿ ಒಂದರ ಹಿಂದೊಂದು ಈಜು, ಸೈಕಲ್, ಓಟದ ಸ್ಪರ್ಧೆ, ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಎರಡು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಇವನಿಗೆ ಅಲ್ಲೇನು ಕೆಲಸ ಎಂದು ನಗುವವರು ಮೊದಲು ನಕ್ಕು ಮುಗಿಸಿ. ತಂಗಿಯ ಮಗ ಸ್ಪರ್ಧೆಯಲ್ಲಿದ್ದ. ಅವನ ಒಣಬಟ್ಟೆಯ ಚೀಲ ಕಾಯುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು.

1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಎಕ್ಸ್‌ಟೆರಾ ಎಂಬ ಸ್ಪರ್ಧಾಸರಣಿ ಶುರುವಾದಾಗಿನಿಂದ ಈ ಆಟದ ಸ್ವರೂಪ ಹೆಚ್ಚುಕಡಿಮೆ ಒಂದೇ: ಸುಮಾರು 1.5 ಕಿ.ಮೀ. ಈಜು, 30 ಕಿ.ಮೀ. ಆಸುಪಾಸು ಮೌಂಟನ್ ಬೈಕ್, 10 ಕಿ.ಮೀ. ಕಾಲುದಾರಿಯ ಓಟ. ಒಲಿಂಪಿಕ್ಸ್‌ನಲ್ಲಿ 2000ದ ಸಿಡ್ನಿಯಿಂದ ಈಚೆಗೆ ನಾವು ಟಿವಿಯಲ್ಲಿ ನೋಡುವ ಟ್ರಯಥ್ಲಾನ್ ಬೇರೆ. ಅಲ್ಲಿ ಒಂದೇ ರಸ್ತೆಯಲ್ಲಿ ಸುತ್ತು ಹಾಕುತ್ತಾರೆ, ನೋಡುಗರು ಕುಳಿತಲ್ಲಿಗೇ ಮತ್ತೆ ಮತ್ತೆ ಬರುತ್ತಾರೆ. ಇಲ್ಲಿ ಮರಗಳ ನಡುವೆ ನುಗ್ಗಿದವರು ಮತ್ತೆ ಕಾಣುವುದು ಯಾವಾಗಲೋ. ಆದ್ದರಿಂದ ನೋಡುಗರು ಒಂದು ಜಾಗ ಹಿಡಿದು ನಿಲ್ಲಬೇಕು. ನಮ್ಮ ಜನ ಹಿಡಿದ ಜಾಗ ಯಾವುದು? ಬೇರು, ಬಂಡೆ, ಕೆಸರು ಮೂರೂ ಕೂಡಿದ ಕಡಿದಾದ ಇಳಿಜಾರು. ಏಕೆಂದರೆ ಅಲ್ಲಿ ಬೀಳುತ್ತಾರೆ.

ಆ ಇಳಿಜಾರನ್ನು ಬೀಳದೆ ಇಳಿಯುವುದು ಎಂಥ ವಿದ್ಯೆ ಗೊತ್ತೇ? ಒಬ್ಬ ಬಂದ. ಸೊಂಟವನ್ನು ಸೀಟಿನ ಹಿಂದಕ್ಕೆ ತಂದು, ಪೆಡಲುಗಳನ್ನು ಸಮಕ್ಕೆ ನಿಲ್ಲಿಸಿ, ಮೊಣಕೈ ಸಡಿಲ ಬಿಟ್ಟು, ಎದುರಿನ ಬೇರನ್ನಲ್ಲ, ಅದರಾಚೆಯ ದಾರಿಯನ್ನು ನೋಡುತ್ತ ನೀರು ಹರಿದಂತೆ ಇಳಿದು ಹೋದ. ಒಂದು ಚಪ್ಪಾಳೆ ಇಲ್ಲ. ಅವನ ಹಿಂದೆ ಬಂದವನು ಒದ್ದೆ ಬೇರಿನ ಮೇಲೆ ಗಾಬರಿಯಿಂದ ಮುಂದಿನ ಬ್ರೇಕು ಹಿಡಿದ, ಹ್ಯಾಂಡಲಿನ ಮೇಲಿಂದ ಹಾರಿದ. ಹೋ ಎಂಬ ಕೂಗು! ಮೂವತ್ತು ಮೊಬೈಲುಗಳು ಒಟ್ಟಿಗೆ ಎದ್ದವು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಚೂಪುಗಲ್ಲಿಗೆ ಹಿಂದಿನ ಟೈರು ಬಡಿಯಿತು, ಸೈಕಲ್ ಅಡ್ಡಡ್ಡ ಜಾರಿತು, ಬಿದ್ದಳು. ಎದ್ದಾಗ ಟೈರಿನ ತೂತಿನಿಂದ ಹಾಲಿನಂಥ ದ್ರವ ಚಿಮ್ಮುತ್ತಿತ್ತು. ಟ್ಯೂಬ್‌ಲೆಸ್ ಟೈರಿನೊಳಗೆ ಸುರಿದಿರುವ ಸೀಲೆಂಟ್ ಅದು. ಅವಳು ಅವಸರ ಮಾಡಲಿಲ್ಲ. ತೂತು ನೆಲದ ಕಡೆಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದಳು, ಆ ದ್ರವ ಅಲ್ಲಿಗಿಳಿದು ಹೆಪ್ಪುಗಟ್ಟಿ ತೂತು ಮುಚ್ಚಲಿ ಎಂದು. ಮುಚ್ಚಲಿಲ್ಲ. ಜೇಬಿನಿಂದ ರಬ್ಬರಿನ ಬತ್ತಿಯೊಂದನ್ನು ತೆಗೆದು ತೂತಿಗೆ ತುರುಕಿದಳು. ಗಾಳಿ ತುಂಬಲು ಹೆಬ್ಬೆರಳು ಗಾತ್ರದ ಗ್ಯಾಸ್ ಉರುಳೆ ತೆಗೆದಳು. ಕೆಸರುಗೈ ಜಾರಿ ಗ್ಯಾಸೆಲ್ಲ ಬುಸ್ಸೆಂದು ಹೊರಗೇ ಹೋಯಿತು. ಉರುಳೆಯ ಮೇಲೆ ಬೆಳ್ಳಗೆ ಹಿಮ ಕಟ್ಟಿತು. ಅವಳು ಅದನ್ನೇ ಹಿಡಿದು ಒಂದು ಕ್ಷಣ ಸುಮ್ಮನೆ ನಿಂತಳು.

ನಾವು ಸಹಾಯ ಮಾಡುವಂತಿಲ್ಲ, ನಿಯಮವೇ ಹಾಗಿದೆ. ಹೊರಗಿನವರು ಮುಟ್ಟಿದರೆ ಶಿಕ್ಷೆ ಅವಳಿಗೆ. ಸ್ಪರ್ಧಿಗಳು ಮಾತ್ರ ಒಬ್ಬರಿಗೊಬ್ಬರು ಟ್ಯೂಬು, ಪಂಪು ಕೊಡಬಹುದು. ಹಿಂದಿನಿಂದ ಬಂದ, ಅವಳ ಪಾಲಿಗೆ ಅಪರಿಚಿತನೇ ಇರಬೇಕಾದ ಒಬ್ಬ, ಸೈಕಲ್ ನಿಲ್ಲಿಸಿ ತನ್ನ ಪಂಪು ಕೊಟ್ಟು, ಅವಳು ಗಾಳಿ ಹೊಡೆದು ಮುಗಿಸುವ ತನಕ ಕಾದು ನಿಂತ. ಅವನನ್ನು ನಾಲ್ಕು ಜನ ದಾಟಿ ಹೋದರು. ಇದನ್ನು ಯಾರೂ ಚಿತ್ರೀಕರಿಸಲಿಲ್ಲ. ಬೀಳುವುದು ಮುಗಿದಿತ್ತಲ್ಲ!

"ಮೂರು ಗಂಟೆ ನಿಂತರೂ ಒಬ್ಬೊಬ್ಬರು ಕಾಣುವುದು ಹತ್ತು ಸೆಕೆಂಡು, ಏನಾದರೂ ರೋಚಕ ಬೇಡವೇ ಸ್ವಾಮಿ?" ಎಂದರು ಪಕ್ಕದ ಮಹನೀಯರು. ಬಿದ್ದವರೇ ಆಮೇಲೆ ಆ ವಿಡಿಯೊ ಕೇಳಿ ಪಡೆದು ಹೆಮ್ಮೆಯಿಂದ ಹಂಚಿಕೊಳ್ಳುತ್ತಾರಂತೆ. ಹಂಚಿಕೊಳ್ಳಲಿ. ಅವರ ಮಂಡಿ, ಅವರ ಗಾಯ, ಅವರ ಹಕ್ಕು. ನಿಮ್ಮದೇನು? ಹತ್ತು ಸೆಕೆಂಡು ಸಾಲದೆಂದರೆ ಏರುದಾರಿಗೆ ಹೋಗಿ ನಿಲ್ಲಬಹುದಿತ್ತು. ಅಲ್ಲಿ ಸೈಕಲ್ ಹೆಗಲಿಗೇರಿಸಿ ಹತ್ತುವವರನ್ನು ಎರಡು ನಿಮಿಷ ನೋಡಬಹುದು, ಹೆಸರು ಹಿಡಿದು ಕೂಗಬಹುದು. ಏರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಏರಿನಲ್ಲಿ ನಾನೂ ಇರಲಿಲ್ಲ. ಆ ಮೂವತ್ತರಲ್ಲಿ ಒಂದು ಮೊಬೈಲ್ ನನ್ನದು. ರಾತ್ರಿ ಹಾಕಿ ನೋಡಿದರೆ, ಅವಳ ಚಕ್ರ ಜಾರುವ ಮೊದಲೇ "ಬಿದ್ದಳು, ಬಿದ್ದಳು" ಎಂಬ ಧ್ವನಿ ಕೇಳಿಸುತ್ತದೆ. ಅದರಲ್ಲಿ ಸಂಭ್ರಮವಿದೆ. ಧ್ವನಿ ನನ್ನದೇ. ತಂಗಿಯ ಮಗ ಅದೇ ಜಾಗದಲ್ಲಿ ಚೆನ್ನಾಗಿಯೇ ಇಳಿದು ಹೋದನಂತೆ. ನಾನು ಗಮನಿಸಿರಲಿಲ್ಲ.

ಓಟದ ದಾರಿಗೆ ಬಂದು ನಿಂತಾಗ ಅವಳು ಮತ್ತೆ ಎದುರಾದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಚಪ್ಪಾಳೆ ತಟ್ಟಿದೆ, ತುಸು ಜಾಸ್ತಿಯೇ ಜೋರಾಗಿ. ಓಡುತ್ತಲೇ ನನ್ನನ್ನು ಗುರುತಿಸಿ, "ವಿಡಿಯೊ ಚೆನ್ನಾಗಿ ಬಂತೇ?" ಎಂದು ಕೇಳಿ ಮುಂದೆ ಹೋದಳು.

ಬಂದಿದೆ. ಹದಿನಾಲ್ಕು ಸೆಕೆಂಡು. ಕಮೆಂಟಿನಲ್ಲಿ ಯಾರೂ ಕೇಳಬೇಡಿ, ಕಳಿಸುವುದಿಲ್ಲ.