384 ಜನರ ತೃಪ್ತಿ

ಕರ್ನಾಟಕದ ನೌಕರರು ಖುಷಿಯಾಗಿದ್ದಾರಾ ಇಲ್ವಾ ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿಬಿಡಿ, ಖುಷಿಯಾಗಿದ್ದಾರೆ. ಬ್ಯಾಂಕಿನವರು, ಐಟಿಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಬಸ್ಸಿನ ಡ್ರೈವರ್ ಕಂಡಕ್ಟರ್‌ಗಳು, ನರ್ಸಮ್ಮಂದಿರು, ಎಲ್ಲರೂ. ನಮ್ಮ ಮ್ಯಾನೇಜ್‌ಮೆಂಟ್ ವಿಭಾಗಗಳು ಇದನ್ನು ಮತ್ತೆ ಮತ್ತೆ ಕಂಡುಹಿಡಿದಿವೆ. ನಂಬಿಕೆ ಬರದಿದ್ದರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನೆಲ್ಲ ತುಂಬಿಟ್ಟಿರುವ ಶೋಧಗಂಗಾ ತಾಣಕ್ಕೆ ಹೋಗಿ 'ಜಾಬ್ ಸ್ಯಾಟಿಸ್ಫ್ಯಾಕ್ಷನ್' ಅಂತ ಟೈಪ್ ಮಾಡಿ. ಶೀರ್ಷಿಕೆಗಳೆಲ್ಲ ಒಂದೇ ತಾಯಿಯ ಮಕ್ಕಳು. 'ಎ ಸ್ಟಡಿ ಆನ್' ಅಂತ ಹೊರಡುತ್ತವೆ, 'ವಿತ್ ಸ್ಪೆಷಲ್ ರೆಫರೆನ್ಸ್ ಟು' ಎಂಬಲ್ಲಿ ತಿರುಗುತ್ತವೆ, ಯಾವುದೋ ಒಂದು ಜಿಲ್ಲೆಗೆ ಬಂದು ನಿಲ್ಲುತ್ತವೆ. ಜಿಲ್ಲೆ ಬದಲಾದರೆ ಹೊಸ ಸಂಶೋಧನೆ. ನಮ್ಮಲ್ಲಿರುವುದು 31 ಜಿಲ್ಲೆ, ಹಾಗಾಗಿ ಸದ್ಯಕ್ಕೆ ವಿಷಯಕ್ಕೇನೂ ಬರ ಇಲ್ಲ.

ಈ ಖುಷಿ ತಯಾರಾಗುವುದು ಎಲ್ಲಿ ಗೊತ್ತಾ? ವಾಟ್ಸಾಪ್‌ನಲ್ಲಿ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೋ, ಹೈಸ್ಕೂಲ್ ಬ್ಯಾಚಿನ ಗ್ರೂಪಿಗೋ ಒಂದು ಮೆಸೇಜ್ ಬಂದಿರುತ್ತದೆ. 'ಡಿಯರ್ ಆಲ್, ನನ್ನ ಕಸಿನ್ ಪಿಎಚ್‌ಡಿ ಮಾಡ್ತಿದ್ದಾಳೆ, ದಯವಿಟ್ಟು ಈ ಫಾರ್ಮ್ ತುಂಬಿ, ಎರಡೇ ನಿಮಿಷ ಸಾಕು.' ತೆಗೆದರೆ ಅರವತ್ತು ಪ್ರಶ್ನೆ. ಪ್ರತಿಯೊಂದರ ಮುಂದೆ ಐದು ಸೊನ್ನೆ, ಒಂದು ಕಡೆ 'ಖಂಡಿತ ಒಪ್ಪುವುದಿಲ್ಲ', ಇನ್ನೊಂದು ಕಡೆ 'ಸಂಪೂರ್ಣ ಒಪ್ಪುತ್ತೇನೆ'. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಈ ಅಳತೆಗೋಲನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಜನರ ಅಭಿಪ್ರಾಯ ಅಳೆಯುವ ಕೆಲಸ. ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಅರವತ್ತು ಸೊನ್ನೆ ಒತ್ತುವ ಕರ್ನಾಟಕದ ಪ್ರಜೆ ಖಂಡಿತ ಇದ್ದಿರಲಿಕ್ಕಿಲ್ಲ.

ಮೂರನೇ ಪ್ರಶ್ನೆಯ ತನಕ ನಾವೆಲ್ಲ ಪ್ರಾಮಾಣಿಕರೇ. 'ನನ್ನ ಮೇಲಧಿಕಾರಿ ನನ್ನ ಭಾವನೆಗಳಿಗೆ ಬೆಲೆ ಕೊಡುತ್ತಾರೆ.' ಒಂದು ಕ್ಷಣ ಯೋಚನೆ ಮಾಡುತ್ತೇವೆ. 'ನನ್ನ ಸಂಸ್ಥೆಯಲ್ಲಿ ನಾನು ಕುಟುಂಬದ ಸದಸ್ಯನಂತೆ ಇದ್ದೇನೆ.' ಕುಟುಂಬದಲ್ಲಿ ಹೇಗಿದ್ದೇವೆ ಎಂಬುದೂ ನೆನಪಾಗಿ ಸ್ವಲ್ಪ ಗೊಂದಲ ಆಗುತ್ತದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಬೆರಳು ತಾನಾಗಿಯೇ ನಾಲ್ಕನೇ ಸೊನ್ನೆಯ ಮೇಲೆ ಇಳಿಜಾರು ಹಿಡಿದಿರುತ್ತದೆ. ನಾಲ್ಕು, ನಾಲ್ಕು, ನಾಲ್ಕು. ಐದು ಒತ್ತಿದರೆ ಅತಿಯಾಯಿತು, ಮೂರು ಒತ್ತಿದರೆ ಪಾಪ ಆ ಹುಡುಗಿಗೆ ಬೇಜಾರಾಗಬಹುದು. ಅಧ್ಯಯನದ ವಿಷಯ 'ಖಾಸಗಿ ಬ್ಯಾಂಕ್ ನೌಕರರು' ಅಂತಿದ್ದರೂ ನಿವೃತ್ತ ಚಿಕ್ಕಪ್ಪನೂ ತುಂಬಿರುತ್ತಾರೆ. ಬ್ಯಾಂಕಿನಲ್ಲಿ ಅಕೌಂಟ್ ಇದೆಯಲ್ಲ, ಅಷ್ಟು ಸಂಬಂಧ ಸಾಲದಾ?

ಹೀಗೆ ಎಷ್ಟು ಜನ ತುಂಬಬೇಕು? 384. ಇದೊಂದು ಪವಿತ್ರ ಸಂಖ್ಯೆ. ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಇಬ್ಬರು 1970ರಲ್ಲಿ ಒಂದು ಪಟ್ಟಿ ಮಾಡಿ ಕೊಟ್ಟರು, ಇಷ್ಟು ಜನಸಂಖ್ಯೆ ಇದ್ದರೆ ಇಷ್ಟು ಜನರನ್ನು ಕೇಳಿದರೆ ಸಾಕು ಅಂತ. ಆ ಪಟ್ಟಿಯ ಕೊನೇ ಸಾಲಿನಲ್ಲಿ ಹತ್ತು ಲಕ್ಷದ ಎದುರು 384 ಅಂತಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದಕ್ಕೊಂದು ಷರತ್ತಿತ್ತು. ಆ 384 ಜನರನ್ನು ಚೀಟಿ ಎತ್ತಿದ ಹಾಗೆ, ಯಾರಿಗೆ ಬೇಕಾದರೂ ಸಮಾನ ಅವಕಾಶ ಇರುವ ಹಾಗೆ ಆರಿಸಬೇಕು. ನಮ್ಮವರು ಸಂಖ್ಯೆಯನ್ನು ಇಟ್ಟುಕೊಂಡರು, ಷರತ್ತನ್ನು ಬಿಟ್ಟರು. ಈಗ ಯಾರು ಸಿಕ್ಕರೋ ಅವರನ್ನು ಕೇಳುವ ವಿಧಾನಕ್ಕೆ 'ಕನ್ವೀನಿಯನ್ಸ್ ಸ್ಯಾಂಪ್ಲಿಂಗ್' ಎಂಬ ಗಂಭೀರ ಹೆಸರಿದೆ. ಗೆಳೆಯರು ಗೆಳೆಯರಿಗೆ ಫಾರ್ವರ್ಡ್ ಮಾಡಿದರೆ ಅದು 'ಸ್ನೋಬಾಲ್'. ಸಂಶೋಧನೆಯ ವಿಧಾನ ಹೇಳುವ ಮೂರನೇ ಅಧ್ಯಾಯದಲ್ಲಿ ಈ ಎರಡರಲ್ಲಿ ಒಂದು ಹೆಸರು ಬರೆದುಬಿಟ್ಟರೆ ಆಯಿತು, ಚಿಕ್ಕಪ್ಪ ಶಾಸ್ತ್ರೋಕ್ತವಾಗಿ ಬ್ಯಾಂಕ್ ನೌಕರರಾದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಹಂತ. ಉತ್ತರಗಳನ್ನು ನಂಬಬಹುದಾ ಅಂತ ನೋಡಲು ಕ್ರಾನ್‌ಬಾಕ್ ಆಲ್ಫಾ ಎಂಬ ಒಂದು ಸಂಖ್ಯೆ ತೆಗೆಯುತ್ತಾರೆ, 1951ರಿಂದ ಚಾಲ್ತಿಯಲ್ಲಿದೆ. ಒಂದೇ ವಿಷಯದ ಬಗ್ಗೆ ಕೇಳಿದ ಹಲವು ಪ್ರಶ್ನೆಗಳಿಗೆ ಒಬ್ಬ ಮನುಷ್ಯ ಒಂದೇ ಧಾಟಿಯಲ್ಲಿ ಉತ್ತರ ಕೊಟ್ಟಿದ್ದಾನಾ ಅಂತ ಅದು ನೋಡುತ್ತದೆ. 0.7 ದಾಟಿದರೆ ಪಾಸು. ಈಗ ನೋಡಿ ಮಜಾ. ಪ್ರಶ್ನೆ ಓದಿ, ತಲೆ ಕೆರೆದುಕೊಂಡು, ಸಂಬಳಕ್ಕೆ ಎರಡು, ಸಹೋದ್ಯೋಗಿಗಳಿಗೆ ಐದು, ಕ್ಯಾಂಟೀನಿಗೆ ಒಂದು ಅಂತ ಕೊಟ್ಟವನಿಂದ ಆಲ್ಫಾ ಇಳಿಯುತ್ತದೆ. ಓದದೇ ಒಬ್ಬ ಎಲ್ಲಕ್ಕೂ ನಾಲ್ಕು, ಇನ್ನೊಬ್ಬ ಎಲ್ಲಕ್ಕೂ ಮೂರು, ಮತ್ತೊಬ್ಬ ಎಲ್ಲಕ್ಕೂ ಐದು ಒತ್ತಿದರೆ ಆಲ್ಫಾ ಒಂದಕ್ಕೆ ಮುಟ್ಟುತ್ತದೆ. ಅಂದರೆ ಪ್ರಶ್ನೆಯನ್ನೇ ಓದದವನು ಅತ್ಯಂತ ವಿಶ್ವಾಸಾರ್ಹ ಮನುಷ್ಯ! ಇಂಥವರನ್ನು ಹಿಡಿಯಲೆಂದೇ ನಡುನಡುವೆ ಅದೇ ಮಾತನ್ನು ತಿರುಗಿಸಿ ಕೇಳುವ ಒಂದೆರಡು ಉಲ್ಟಾ ಪ್ರಶ್ನೆ ಇಡುವ ಪದ್ಧತಿ ಇದೆ. ಇಟ್ಟರೆ ಆಲ್ಫಾ ಬಿದ್ದುಹೋಗುತ್ತದೆ, ಗೈಡ್ ಬೈಯುತ್ತಾರೆ. ಹಾಗಾಗಿ ಫಾರ್ಮನ್ನು ಮೊದಲು ಕೆಲವರ ಮೇಲೆ ಪರೀಕ್ಷಿಸುವ ಪೈಲಟ್ ಸ್ಟಡಿ ಮುಗಿದ ಕೂಡಲೇ ಮೊದಲು ಮಾಯವಾಗುವುದು ಆ ಪ್ರಶ್ನೆಗಳೇ.

ಆಮೇಲೆ ಡೇಟಾವನ್ನು ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಗೊತ್ತಿರುವ ಯಾರಿಗಾದರೂ ಕೊಡುತ್ತಾರೆ. ಅಧ್ಯಾಯಕ್ಕಿಷ್ಟು ಅಂತ ರೇಟು ಇರುತ್ತದೆ. ಬರುವ ಫಲಿತಾಂಶ ಏನು? ಸಂಬಳ ಜಾಸ್ತಿ ಇದ್ದರೆ ತೃಪ್ತಿ ಜಾಸ್ತಿ. ಮೇಲಧಿಕಾರಿ ಒಳ್ಳೆಯವನಾಗಿದ್ದರೆ ಕೆಲಸ ಬಿಡುವವರು ಕಡಿಮೆ. ನಮ್ಮ ಬೀದಿಯ ಟೀ ಅಂಗಡಿಯವನಿಗೂ ಗೊತ್ತಿರುವ ಸಂಗತಿ, ಆದರೆ ಫಲಿತಾಂಶ ಆಕಸ್ಮಿಕ ಅಲ್ಲ ಅಂತ ತೋರಿಸಲು ಬಳಸುವ ಪಿ ವ್ಯಾಲ್ಯೂ ಅವನ ಹತ್ತಿರ ಇಲ್ಲ. ಕೊನೇ ಅಧ್ಯಾಯದಲ್ಲಿ ಸಲಹೆಗಳು: ಆಡಳಿತ ವರ್ಗ ನೌಕರರೊಂದಿಗೆ ಮುಕ್ತವಾಗಿ ಮಾತನಾಡಬೇಕು, ಕಾಲಕಾಲಕ್ಕೆ ತರಬೇತಿ ಕೊಡಬೇಕು, ಯೋಗ ಧ್ಯಾನದ ವ್ಯವಸ್ಥೆ ಮಾಡಬೇಕು. ಯಾವ ಆಡಳಿತ ವರ್ಗವೂ ಇದನ್ನು ಓದುವುದಿಲ್ಲ ಅಂತ ಬರೆದವರಿಗೂ ಗೊತ್ತು, ಓದಿಸಿದವರಿಗೂ ಗೊತ್ತು, ವೈವಾ ಎಂಬ ಮೌಖಿಕ ಪರೀಕ್ಷೆಗೆ ಬಂದು ಊಟ ಮಾಡಿ ಹೋದವರಿಗೂ ಗೊತ್ತು.

ಪಾಪ, ಬರೆಯುವವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಥೀಸಿಸ್ ಕೊಡುವ ಮೊದಲು ಜರ್ನಲ್‌ನಲ್ಲಿ ಪ್ರಬಂಧ ಬಂದಿರಲೇಬೇಕು ಎಂಬ ನಿಯಮವನ್ನು ಯುಜಿಸಿ ವರ್ಷಗಟ್ಟಲೆ ಇಟ್ಟುಕೊಂಡಿತ್ತು, 2022ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನೂ ಕಂಡಿದ್ದವು. ಅವುಗಳನ್ನು ತಡೆಯಲು ಒಳ್ಳೆ ಜರ್ನಲ್‌ಗಳ 'ಕೇರ್' ಎಂಬ ಪಟ್ಟಿ ಮಾಡಿದರು. ಪಟ್ಟಿಯಲ್ಲಿರುವ ಜರ್ನಲ್‌ಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್‌ಗಳು ಬಂದವು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ನಿಲ್ಲಿಸಿದರು. ಕೆಲಸಕ್ಕೆ, ಬಡ್ತಿಗೆ ಅಂತ ಪ್ರಬಂಧ ಎಣಿಸುವುದು ಮಾತ್ರ ಕಾಲೇಜುಗಳಲ್ಲಿ ಇನ್ನೂ ನಿಂತಿಲ್ಲ.

ಇದೆಲ್ಲ ನಮ್ಮ ಕಡೆ ಮಾತ್ರ, ಹಾರ್ವರ್ಡ್‌ನಲ್ಲಿ ಹೀಗಾಗಲ್ಲ ಅಂದ್ಕೊಂಡಿದ್ದರೆ ತಡೆಯಿರಿ. 2012ರಲ್ಲಿ ದೊಡ್ಡ ಹೆಸರಿನ ಐವರು ಸೇರಿ ಒಂದು ಪ್ರಬಂಧ ಬರೆದರು. ಫಾರ್ಮಿನ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೇಲೇ ಹಾಕಿಸಿದರೆ ಜನ ಸುಳ್ಳು ಕಡಿಮೆ ಹೇಳುತ್ತಾರೆ ಎಂಬುದು ಅದರ ಸಾರ. ಅದರಲ್ಲಿ ಕಾರು ವಿಮೆಯ ಒಂದು ಪ್ರಯೋಗ ಇತ್ತು, ಯಾರ ಕಾರು ಎಷ್ಟು ಮೈಲಿ ಓಡಿದೆ ಎಂಬ ಅಂಕಿಅಂಶ. 2021ರಲ್ಲಿ ಡೇಟಾ ಕೊಲಾಡಾ ಎಂಬ ಹೆಸರಿನಲ್ಲಿ ಬರೆಯುವ ಮೂವರು ಸಂಶೋಧಕರು ಅದರ ಎಕ್ಸೆಲ್ ಫೈಲ್ ತೆಗೆದು ನೋಡಿದರೆ, ಅರ್ಧ ಸಾಲುಗಳು ಒಂದು ಫಾಂಟಿನಲ್ಲಿ, ಉಳಿದರ್ಧ ಇನ್ನೊಂದು ಫಾಂಟಿನಲ್ಲಿ! ಸಾವಿರ ಮೈಲಿ ಓಡಿಸಿದವರು ಎಷ್ಟಿದ್ದರೋ ಐವತ್ತು ಸಾವಿರ ಮೈಲಿ ಓಡಿಸಿದವರೂ ಹೆಚ್ಚುಕಡಿಮೆ ಅಷ್ಟೇ, ಐವತ್ತು ಸಾವಿರ ದಾಟಿದವರು ಒಬ್ಬರೂ ಇಲ್ಲ. ಅಂಕಿಗಳು ಸೃಷ್ಟಿಸಿದವು ಅಂತ ಗೊತ್ತಾಗಿ ಪ್ರಬಂಧವನ್ನು ಜರ್ನಲ್ ಹಿಂತೆಗೆದುಕೊಂಡಿತು. ಅದೇ ಪ್ರಬಂಧದ ಬೇರೊಂದು ಪ್ರಯೋಗದ ಡೇಟಾ ಮೇಲೆ 2023ರಲ್ಲಿ ಬೇರೆಯದೇ ಆರೋಪ ಬಂತು. ಆ ಆರೋಪಕ್ಕೆ ಸಿಕ್ಕ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಫ್ರಾನ್ಸೆಸ್ಕಾ ಜಿನೊ ತಾನು ಹಾಗೆ ಮಾಡಿಲ್ಲ ಅಂತ ಕೋರ್ಟಿಗೆ ಹೋದರು, ಹಾರ್ವರ್ಡ್ 2025ರಲ್ಲಿ ಅವರ ಕಾಯಂ ಹುದ್ದೆಯನ್ನು ಕಿತ್ತುಕೊಂಡಿತು. ಪ್ರಾಮಾಣಿಕತೆಯ ಮೇಲಿನ ಒಂದೇ ಪ್ರಬಂಧದ ಎರಡು ಬೇರೆ ಬೇರೆ ಪ್ರಯೋಗಗಳ ಮೇಲೆ ಡೇಟಾ ತಿದ್ದಿದ ಮಾತು ಬರುವುದು ಅಂದರೆ ಸುಮ್ನೆ ಅಲ್ಲ. ನಮ್ಮವರು ಅಷ್ಟೆಲ್ಲ ಕಷ್ಟಪಡುವುದಿಲ್ಲ ಬಿಡಿ, ಚಿಕ್ಕಪ್ಪನೇ ಸಾಕು.

ಇನ್ನು ಪಾಠದ ವಿಷಯ. ಹಾಥಾರ್ನ್ ಪ್ರಯೋಗ ಕೇಳದೆ ಯಾವ ಎಂಬಿಎ ವಿದ್ಯಾರ್ಥಿಯೂ ಪಾಸಾಗಿಲ್ಲ. ಷಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆ, 1924ರಿಂದ 1932. ದೀಪದ ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಇಳಿಸಿದರೂ ಏರಿತು, ಯಾಕೆಂದರೆ ತಮ್ಮ ಕಡೆ ಯಾರೋ ಗಮನ ಕೊಡುತ್ತಿದ್ದಾರೆ ಅಂತ ಕೆಲಸಗಾರರಿಗೆ ಖುಷಿಯಾಯಿತು. ಕಣ್ಣಲ್ಲಿ ನೀರು ಬರಿಸುವ ಕಥೆ. ನೋಟ್ಸಿನಲ್ಲಿ ಇರದ ಭಾಗ ಏನೆಂದರೆ, ದೀಪದ ನಂತರದ ಪ್ರಯೋಗದಲ್ಲಿ, ಟೆಲಿಫೋನಿನ ರಿಲೇ ಎಂಬ ಬಿಡಿಭಾಗ ಜೋಡಿಸುವ ಕೋಣೆಯಲ್ಲಿ ಕೂರಿಸಿದ್ದ ಐದು ಹುಡುಗಿಯರಲ್ಲಿ ಇಬ್ಬರು ಮಾತು ಜಾಸ್ತಿ ಆಡುತ್ತಾರೆ, ಹೇಳಿದ ಹಾಗೆ ಕೇಳುವುದಿಲ್ಲ ಅಂತ 1928ರಲ್ಲಿ ಅವರನ್ನು ತೆಗೆದು ಚುರುಕಾದ ಬೇರೆ ಇಬ್ಬರನ್ನು ಕೂರಿಸಿದರು. ಕೂಲಿ ಲೆಕ್ಕವನ್ನೂ ಆ ಚಿಕ್ಕ ಗುಂಪಿನ ದುಡಿಮೆಗೆ ತಕ್ಕಂತೆ ಬದಲಿಸಿದ್ದರು. 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಆ ದೀಪದ ಹಳೇ ಅಂಕಿಗಳನ್ನು ಹುಡುಕಿ ತೆಗೆದು ನೋಡಿದರೆ, ಕಥೆಯಲ್ಲಿ ಹೇಳುವಂಥ ಪರಿಣಾಮ ಅಲ್ಲಿ ಕಾಣಿಸಲೇ ಇಲ್ಲ. ಆದರೆ 'ಹಾಥಾರ್ನ್ ಪ್ರಯೋಗ ವಿವರಿಸಿ, 10 ಅಂಕ' ಎಂಬ ಪ್ರಶ್ನೆಗೆ ಇದನ್ನೆಲ್ಲ ಬರೆದರೆ ಮೂರು ಅಂಕ ಬರಬಹುದು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮನಶ್ಶಾಸ್ತ್ರಜ್ಞ ಮಾಸ್ಲೋನ ಪಿರಮಿಡ್ ಕಥೆಯೂ ಅಷ್ಟೇ. ಅವರ 1943ರ ಪ್ರಬಂಧದಲ್ಲಿ ಪಿರಮಿಡ್ಡೇ ಇಲ್ಲ, ಅದನ್ನು ಬರೆದವರು ಆಮೇಲೆ ಬಂದ ಬೇರೆಯವರು. ಪರೀಕ್ಷೆಯಲ್ಲಿ ಪಿರಮಿಡ್ ಬರೆಯದಿದ್ದರೆ ಎರಡು ಅಂಕ ಕಟ್.

ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುವ ಮಾತು ಪೂರ್ತಿ ಅರ್ಥವಾಗಬೇಕಾದರೆ ಪಾಠ ಮಾಡುವವರ ಕಡೆ ಸ್ವಲ್ಪ ತಿರುಗಿ ನೋಡಬೇಕು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿಕಾಂ, ಬಿಬಿಎ ಹುಡುಗರಿಗೆ ಮಾನವ ಸಂಪನ್ಮೂಲ ನಿರ್ವಹಣೆ ಹೇಳಿಕೊಡುವವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷದಿಂದ ಅತಿಥಿಗಳು! 'ನೌಕರರನ್ನು ಉಳಿಸಿಕೊಳ್ಳುವುದು ಹೇಗೆ' ಎಂಬ ಪಾಠ ಮಾಡುವಾಗ ಮುಂದಿನ ಸೆಮಿಸ್ಟರ್‌ಗೆ ತಾನು ಇರುತ್ತೇನಾ ಅಂತ ಅವರಿಗೇ ಗೊತ್ತಿರುವುದಿಲ್ಲ. 2022ರ ಜನವರಿಯ ತನಕ ಅವರ ತಿಂಗಳ ಗೌರವಧನ 11,000 ರೂಪಾಯಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ಟೋ ಪಿಎಚ್‌ಡಿಯೋ ಆಗಿದ್ದರೆ 13,000. ಬೀದಿಗಿಳಿದು ಹೋರಾಡಿದ ಮೇಲೆ 26,000ದಿಂದ 32,000 ರೂಪಾಯಿಗೆ ಏರಿಸಿದರು, ಜತೆಗೆ ವಾರಕ್ಕೆ 15 ಗಂಟೆ ಪಾಠ ಅಂತ ಮಾಡಿದರು. ಇರುವ ಪಾಠವನ್ನು ಒಬ್ಬರಿಗೇ ಅಷ್ಟು ಕೊಟ್ಟರೆ ಪಕ್ಕದ ಕುರ್ಚಿಯವರಿಗೆ ಉಳಿಯುವುದೇನು ಅಂತ ಲೆಕ್ಕ ಹಾಕಲು ಎಸ್‌ಪಿಎಸ್‌ಎಸ್ ಬೇಕಾಗಲಿಲ್ಲ. 2023ರ ಕೊನೆಗೆ ಕಾಯಂ ಮಾಡಿ ಅಂತ ಮತ್ತೆ ತರಗತಿ ಬಿಟ್ಟು ಧರಣಿ ಕೂತರು. ಪಠ್ಯದಲ್ಲಿ ಇದು 'ಔದ್ಯೋಗಿಕ ಸಂಬಂಧಗಳು' ಘಟಕಕ್ಕೆ ಬರುತ್ತದೆ, ಪ್ರಾಯೋಗಿಕ ತರಗತಿ ಅಂತ ಲೆಕ್ಕ ಹಿಡಿಯಬಹುದಿತ್ತು.

ಖಾಸಗಿ ಕಾಲೇಜುಗಳಲ್ಲಿ ಇನ್ನೂ ಸೊಗಸು. ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವವರಿದ್ದಾರೆ. 'ಸಂಸ್ಥೆಯ ಮೇಲಿನ ಬದ್ಧತೆ' ಬೆಳೆಸಲು ಇದಕ್ಕಿಂತ ಒಳ್ಳೆ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ. ಬೆಳಿಗ್ಗೆ ಸಂಜೆ ಬಯೋಮೆಟ್ರಿಕ್, ಐದು ನಿಮಿಷ ತಡವಾದರೆ ಅರ್ಧ ದಿನದ ರಜೆ ಖೋತಾ. ಆಮೇಲೆ ಒಳಗೆ ಹೋಗಿ, ನೌಕರರನ್ನು ನಂಬಿ ಬಿಟ್ಟರೆ ಅವರು ತಾವಾಗಿಯೇ ದುಡಿಯುತ್ತಾರೆ ಎಂಬ, ಮ್ಯಾನೇಜ್‌ಮೆಂಟ್ ಚಿಂತಕ ಮೆಕ್‌ಗ್ರೆಗರ್‌ನ 'ಥಿಯರಿ ವೈ' ಪಾಠ. ಮೇ ತಿಂಗಳು ಬಂತೆಂದರೆ ಮಾರ್ಕೆಟಿಂಗ್ ಮೇಡಂ, ಫೈನಾನ್ಸ್ ಸರ್ ಎಲ್ಲರ ಕೈಗೂ ಕರಪತ್ರ, ಊರೂರು ಸುತ್ತಿ ಅಡ್ಮಿಷನ್ ತರಬೇಕು, ತಲೆಗಿಷ್ಟು ಅಂತ ಟಾರ್ಗೆಟ್. ತರದಿದ್ದರೆ ಸಂಬಳ ತಡ. ಸಂಬಳ ಇಲ್ಲದಿದ್ದರೆ ಅತೃಪ್ತಿ ಬರುತ್ತದೆ, ಆದರೆ ಸಂಬಳ ಕೊಟ್ಟ ಮಾತ್ರಕ್ಕೆ ಹುರುಪು ಬರುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದರು. ನಮ್ಮ ಆಡಳಿತ ಮಂಡಳಿಗಳು ಎರಡನೇ ಅರ್ಧವನ್ನು ಮಾತ್ರ ಓದಿಕೊಂಡಿವೆ.

ಹಾಗಾದರೆ ಬ್ಯಾಂಕು, ಗಾರ್ಮೆಂಟ್ಸ್ ಎಲ್ಲ ಬಿಟ್ಟು ಮ್ಯಾನೇಜ್‌ಮೆಂಟ್ ವಿಭಾಗದವರು ತಮ್ಮದೇ ಸ್ಟಾಫ್‌ರೂಮಿನ ಮೇಲೆ ಒಂದು ಅಧ್ಯಯನ ಮಾಡಬಾರದಾ ಅಂತ ಗೆಳೆಯರೊಬ್ಬರನ್ನು ಕೇಳಿದೆ. ಎಂಬಿಎ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. 'ಮಾಡಿದ್ವಲ್ಲ' ಅಂದರು. ಮಾನ್ಯತೆ ಕೊಡುವ ಸಮಿತಿ ಬರುವುದಿತ್ತಂತೆ, ಫೈಲಿನಲ್ಲಿ ಒಂದು ಸಿಬ್ಬಂದಿ ತೃಪ್ತಿ ವರದಿ ಬೇಕಿತ್ತಂತೆ. ಫಾರ್ಮಿನ ತಲೆಬರಹದಲ್ಲಿ 'ನಿಮ್ಮ ಉತ್ತರಗಳನ್ನು ಸಂಪೂರ್ಣ ಗೋಪ್ಯವಾಗಿ ಇಡಲಾಗುವುದು' ಅಂತ ದಪ್ಪಕ್ಷರದಲ್ಲಿತ್ತು. ಮೊದಲ ಪ್ರಶ್ನೆ ಹೆಸರು, ಎರಡನೆಯದು ಎಂಪ್ಲಾಯೀ ಐಡಿ, ಎರಡಕ್ಕೂ ಪಕ್ಕದಲ್ಲಿ ಕಡ್ಡಾಯದ ಕೆಂಪು ನಕ್ಷತ್ರ. ಪ್ರಿನ್ಸಿಪಾಲರು ಸಂಜೆಯೊಳಗೆ ಯಾರು ಯಾರು ತುಂಬಿಲ್ಲ ಅಂತ ಗ್ರೂಪಿನಲ್ಲಿ ಪಟ್ಟಿ ಹಾಕಿದರು. ರಾತ್ರಿಯೊಳಗೆ ಎಲ್ಲರೂ ತೃಪ್ತರಾದರು. ಬಣ್ಣದ ಬಾರ್ ಚಾರ್ಟ್ ಫೈಲಿಗೆ ಸೇರಿತು, ಸಮಿತಿಯವರು ಆ ಪುಟ ಮೆಚ್ಚಿ ಟಿಕ್ ಹಾಕಿ ಹೋದರು. ಆ ವರ್ಷ ಮೇ ತಿಂಗಳ ಸಂಬಳ ಜುಲೈನಲ್ಲಿ ಬಂತಂತೆ.