ಗ್ಲೂಕೋಸ್ ಒಳಗೆ ತರುವಂತಿಲ್ಲ

ವಾರಕ್ಕೊಂದು ಚುಚ್ಚಿಕೊಳ್ಳುವ, ತೂಕ ಇಳಿಸುವ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ ಮೌಂಜಾರೋ ಅಂತ ನಮ್ಮ ಮೆಡಿಕಲ್ ಶಾಪಿಗೂ ಬಂತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಜಿಮ್ಮುಗಳಿಗೆ ಅದೊಂದು ಜ್ಞಾನೋದಯ. ‘ಜಿಮ್’ ಅಂತಿದ್ದ ಬೋರ್ಡು ಈಗ ‘ಮೆಡಿಕಲ್ ವೆಲ್‌ನೆಸ್ ಸೆಂಟರ್’. ಒಳಗೆ ಬದಲಾಗಿದ್ದೇನು ಅಂತೀರಾ? ಮೂಲೆಯಲ್ಲೊಂದು ಡಿಫ್ಯೂಸರ್ ಬಂದಿದೆ, ಮಜ್ಜಿಗೆಹುಲ್ಲಿನ ವಾಸನೆ ಘಮ್ಮನ್ನುತ್ತೆ.

ಸೇರುವಾಗ ಒಂದು ಫಾರಂ. ನಿಮ್ಮ ಕಾಯಿಲೆಗೆ ಎರಡು ಸಾಲು, ‘ಏನೇ ಆದರೂ ನಾವು ಹೊಣೆಯಲ್ಲ’ ಅನ್ನೋದಕ್ಕೆ ಒಂದೂವರೆ ಪುಟ. ಯಾವ ಮಾತ್ರೆ ನುಂಗ್ತೀರಿ ಅನ್ನೋ ಪ್ರಶ್ನೆಯೇ ಇಲ್ಲ. ಬಿಪಿಗೆ ಮೆಟೊಪ್ರೊಲಾಲ್ ತಗೊಳ್ಳೋ 60ರ ಯಜಮಾನರನ್ನು ಟ್ರೆಡ್‌ಮಿಲ್ ಹತ್ತಿಸಿದ ಟ್ರೇನರು ಗರಿಷ್ಠ ಎದೆಬಡಿತದ ಲೆಕ್ಕಕ್ಕೆ 220ರಲ್ಲಿ ವಯಸ್ಸು ಕಳೀತಾನೆ, 160. ಅದರಲ್ಲಿ ಶೇ 80 ಅಂದರೆ 128, ಅದೇ ಗುರಿ. ಪರದೆ ಮೇಲೆ ಬಡಿತ 104ರಲ್ಲೇ ನಿಂತಿದೆ. “ಅಂಕಲ್, ಇನ್ನೂ ಸ್ಪೀಡು!” ಎದೆಬಡಿತ ಏರದ ಹಾಗೆ ಹಿಡಿಯೋದೇ ಆ ಮಾತ್ರೆಯ ಕಸುಬು ಮಾರಾಯ. ಇಂಥವರಿಗೆ ನಾಡಿಗಿಂತ ನಾಲಿಗೆ ನಂಬೋದು ವಾಸಿ: ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲಾಗಬೇಕು, ಹಾಡಲಾಗಬಾರದು. ಟ್ರೇನರನ್ನು ಬೈಯುವಷ್ಟು ಉಸಿರಿದ್ದರೆ ವೇಗ ಸರಿಯಾಗಿದೆ.

ಇಂಜೆಕ್ಷನ್ನಿನವರ ಪಾಡು ಬೇರೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಹಾಗಾಗಿ ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿಸಬೇಕು. ಇಲ್ಲಿ ಕೊಡೋದು ಒಂದು ಗಂಟೆ ಕಾರ್ಡಿಯೋ. ಇಂಜೆಕ್ಷನ್ನಿನ ಡೋಸು ಮೊದಲ ನಾಲ್ಕು ವಾರ 2.5 ಮಿ.ಗ್ರಾಂ., ಆಮೇಲೆ 5. ಡೋಸ್ ಏರಿದ ಹೊಸದರಲ್ಲಿ ಹೊಟ್ಟೆ ತೊಳೆಸುತ್ತೆ, ಅನ್ನ ನೀರು ಸೇರಲ್ಲ. ಆಗ ಭಾರ ಇಳಿಸಬೇಕು, ನೀರು ಕುಡಿದರಾ ಅಂತ ವಿಚಾರಿಸಬೇಕು. ಅದರ ಬದಲು ‘ವೆಯ್ಟ್ ಲಾಸ್ ಚಾಲೆಂಜ್’ ನಡೆಸ್ತಾರೆ. ತಕ್ಕಡಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಿಲ್ಲವಲ್ಲ, ಹೆಚ್ಚು ಸ್ನಾಯು ಕಳಕೊಂಡವರಿಗೂ ಕಪ್ ಸಿಗಬಹುದು.

ಸರ್ಕಾರಿ ವೆಲ್‌ನೆಸ್ ಬೇಕಾದರೆ ಪಾರ್ಕಿಗೆ ಹೋಗಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಐದು ಪಾಲಾಯಿತು, ಏರ್‌ವಾಕರಿನ ಪೆಡಲು ಮಾತ್ರ ಇನ್ನೂ ಒಂದೇ. ಚೆಸ್ಟ್ ಪ್ರೆಸ್ಸಿಗೆ ಭಾರ ಹೆಚ್ಚು ಕಡಿಮೆ ಮಾಡೋ ಏರ್ಪಾಡಿಲ್ಲ, ಎತ್ತೋದು ನಿಮ್ಮದೇ ಮೈಯನ್ನು. ಮಗ್ಗುಲಿನ ಕಲ್ಲು ಬೆಂಚೇ ಮೇಲು. ಕೈ ಊರದೆ ಹತ್ತು ಸಲ ಕೂತು ಏಳಿ, ತೊಡೆ ತಾನೇ ಮಾತಾಡುತ್ತೆ.

ಮತ್ತೆ ಅಪಾರ್ಟ್‌ಮೆಂಟ್ ಜಿಮ್ಮಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರ ಶುಗರ್ 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಶುರು ಮಾಡಬೇಕು. 70ಕ್ಕಿಂತ ಇಳಿದರೆ ಕಸರತ್ತು ನಿಲ್ಲಿಸಿ 15 ಗ್ರಾಂ ಗ್ಲೂಕೋಸ್, ಅಂದರೆ ಮೂರು ನಾಲ್ಕು ಟೀ ಚಮಚ, 15 ನಿಮಿಷ ಕೂತು ಮತ್ತೆ ಪರೀಕ್ಷೆ. ಗೋಡೆ ಏನನ್ನುತ್ತೆ? ‘ತಿನ್ನುವ ಪದಾರ್ಥ ಒಳಗೆ ತರುವಂತಿಲ್ಲ. ದಂಡ ₹500.’ ಶುಗರ್ ಇಳಿದು ತಣ್ಣನೆ ಬೆವರು ಸುರಿದು ಕೈ ನಡುಗುತ್ತಿದ್ದರೆ ಟ್ರೇನರು ಬೆನ್ನು ತಟ್ಟುತ್ತಾನೆ: “ಸೂಪರ್ ಸರ್, ಒಳ್ಳೆ ಸ್ವೆಟ್!”

ನಕ್ಕಿದ್ದು ಸಾಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎದೆ ಪರೀಕ್ಷೆಗೆ ಸಾಲುಗಟ್ಟಿ ನಿಂತ ಊರು ಇದು. ಆಗ ಕಲಿಯಬೇಕಿದ್ದದ್ದು ಇಷ್ಟೇ: ಕುಸಿದವರಿಗೆ ಉಸಿರಿಲ್ಲದಿದ್ದರೆ ಒಬ್ಬರು 108ಕ್ಕೆ ಫೋನು, ಇನ್ನೊಬ್ಬರು ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತೋದು, ಮೂರನೆಯವರು ಎಇಡಿ, ಅಂದರೆ ಹದ ತಪ್ಪಿದ ಎದೆಬಡಿತಕ್ಕೆ ಶಾಕ್ ಕೊಡೋ ಯಂತ್ರ ತರೋದು. ಎಷ್ಟು ಜಿಮ್ಮಿನಲ್ಲಿ ಇದನ್ನು ಒಂದು ಸಲವಾದರೂ ಮಾಡಿ ತೋರಿಸಿದ್ದಾರೆ? ಎಇಡಿ ಅಂದರೆ ಹೊಸ ಏಸಿ ಕಂಪನಿಯಾ ಅಂತಾರೆ. ಅಪ್ಪಿತಪ್ಪಿ ಇದ್ದರೂ ಅದು ಅಸೋಸಿಯೇಷನ್ ಆಫೀಸಿನ ಬೀರುವಿನಲ್ಲಿ. ಬೀಗದ ಕೈ ಮ್ಯಾನೇಜರ್ ಹತ್ತಿರ. ಜಿಮ್ ತೆಗೆಯೋದು ಬೆಳಗ್ಗೆ ಐದೂವರೆಗೆ, ಮ್ಯಾನೇಜರ್ ಬರೋದು ಹತ್ತಕ್ಕೆ.