ಮೈಕ್ರೋವೇವ್ ಸೆನ್ಸರ್ ಮತ್ತು ಲೇಪನದ ದಪ್ಪ: ಒಂದು ಸ್ಪಷ್ಟನೆ

ಮೈಕ್ರೋವೇವ್ (ಅತಿ ಹೆಚ್ಚು ಆವರ್ತನದ ರೇಡಿಯೊ ಅಲೆ) ಬಳಸುವ ಸೆನ್ಸರ್ ಒಂದಿದ್ದರೆ ಪೇಂಟಿನಿಂದ ಹಿಡಿದು ಸತುವಿನ ಲೇಪನದವರೆಗೆ ಯಾವುದರ ದಪ್ಪವನ್ನಾದರೂ ಮುಟ್ಟದೆಯೇ, ಕ್ಯಾಲಿಬ್ರೇಶನ್ (ಗೊತ್ತಿರುವ ಅಳತೆಗೆ ಉಪಕರಣವನ್ನು ಹೊಂದಿಸುವುದು) ಕೂಡ ಇಲ್ಲದೆ ಅಳೆಯಬಹುದೆಂಬ ವಾಟ್ಸಾಪ್ ಸಂದೇಶವೊಂದು ಪುಣೆಯ ಚಾಕಣ, ಭೋಸರಿ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರ ನಡುವೆ ಹರಿದಾಡುತ್ತಿದೆ. ಇದರಲ್ಲಿ ಮುಟ್ಟದೆ ಅಳೆಯಬಹುದೆಂಬುದಷ್ಟೇ ಸರಿ, ಅದೂ ಎಲ್ಲ ಲೇಪನಕ್ಕಲ್ಲ.

ವಿದ್ಯುತ್ ಹರಿಯಗೊಡದ ಪೇಂಟು, ಪ್ಲಾಸ್ಟಿಕ್, ರಬ್ಬರಿನಂಥ ಪದರದೊಳಗೆ ಮೈಕ್ರೋವೇವ್ ಸಲೀಸಾಗಿ ಸಾಗಿ, ಅಡಿಯ ಲೋಹಕ್ಕೆ ಬಡಿದು ಹಿಂದಿರುಗುತ್ತದೆ. ಆ ಪದರದಿಂದಾಗಿ ಅಲೆಯ ಫೇಸ್‌ನಲ್ಲಿ (ಏರಿಳಿತದ ಹಂತದಲ್ಲಿ) ಅಥವಾ ಸೆನ್ಸರಿನ ಅನುರಣನ ಆವರ್ತನದಲ್ಲಿ (ಅದು ಅತಿ ಜೋರಾಗಿ ಸ್ಪಂದಿಸುವ ಆವರ್ತನದಲ್ಲಿ) ಆಗುವ ಸಣ್ಣ ವ್ಯತ್ಯಾಸದಿಂದ ದಪ್ಪವನ್ನು ಲೆಕ್ಕಹಾಕುತ್ತಾರೆ. ಸತುವಿನ ಮಾತೇ ಬೇರೆ. 10 ಗಿಗಾಹರ್ಟ್ಸ್ ಅಲೆಯ ಬಲ ಸತುವಿನೊಳಗೆ ಸುಮಾರು 1.2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇಳಿಯುವಷ್ಟರಲ್ಲೇ ಶೇಕಡಾ 37ಕ್ಕೆ ಕುಗ್ಗುವುದರಿಂದ, 10 ಮೈಕ್ರಾನ್ ಸತುವಿನಡಿಯ ಉಕ್ಕು ಅದಕ್ಕೆ ಕಾಣುವುದೇ ಇಲ್ಲ. ಅಲ್ಲಿ ಮುಟ್ಟದೆ ಅಳೆಯಲು ಎಕ್ಸ್-ರೇ ವಿಧಾನವಿದೆ.

ಕ್ಯಾಲಿಬ್ರೇಶನ್ ಬೇಡವೆನ್ನುವುದಂತೂ ನಷ್ಟಕ್ಕೆ ದಾರಿ. ನೀರಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ಒಣಗಿದ ಪೇಂಟಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾದ್ದರಿಂದ, ನೀರು ಬೆರೆತ ಹಸಿ ಪೇಂಟು ಆರುತ್ತಾ ಹೋದಂತೆ ರೀಡಿಂಗ್ ಬದಲಾಗುತ್ತದೆ. ಸೆನ್ಸರಿಗೂ ಬಿಡಿಭಾಗಕ್ಕೂ ನಡುವಿನ ಅಂತರ ಕೊಂಚ ಅಲುಗಾಡಿದರೂ ಅಷ್ಟೇ. ದಪ್ಪ ಮೊದಲೇ ಗೊತ್ತಿರುವ ಮಾದರಿ ತುಂಡುಗಳನ್ನು ಅದೇ ಪೇಂಟಿನಲ್ಲಿ ಸಿದ್ಧಪಡಿಸಿ, ಅದೇ ಅಂತರದಲ್ಲಿಟ್ಟು ಸೆನ್ಸರನ್ನು ಹೊಂದಿಸಿಕೊಂಡ ಮೇಲೆಯೇ ಅದರ ಅಂಕಿಯನ್ನು ನಂಬಬಹುದು.